ಮಾಲ್ಗುಡಿಯ ಬೀದಿಗಳು

ಮಾಲ್ಗುಡಿಯ ಬೀದಿಗಳು ಆರ್. ಕೆ. ನಾರಾಯಣ್ ಅವರು ತಮ್ಮ ಇಂಗ್ಲಿಷ್ ಕೃತಿಗಳಲ್ಲಿ ಸೃಷ್ಟಿಸಿದ ಕಾಲ್ಪನಿಕ ಪಟ್ಟಣದ ಬಡಾವಣೆ ಹಾಗೂ ಕೇರಿಗಳಾಗಿವೆ. ೧೯೩೫ರಲ್ಲಿ ಪ್ರಕಟವಾದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯ ನಾಯಕ ಸ್ವಾಮಿನಾಥನ್ ಎಂಬ ಬಾಲಕನ ಮನೆ ಇಲ್ಲಿನ ವಿನಾಯಕ ಮುದಲಿ ಬೀದಿಯಲ್ಲಿದೆ. ಸಿರಿವಂತರ ಬಡಾವಣೆ, ಮಧ್ಯಮ ವರ್ಗದ ಬೀದಿ ಮತ್ತು ಬಡವರ ಗುಡಿಸಲುಗಳು ನಡೆದು ಹೋಗುವಷ್ಟು ದೂರದಲ್ಲೇ ಇರುವುದು ಈ ಪಟ್ಟಣದ ವೈಶಿಷ್ಟ್ಯ.

ಹಿನ್ನೆಲೆ

ನಾರಾಯಣ್ (೧೯೦೬–೨೦೦೧) ಮದರಾಸಿನಲ್ಲಿ ಜನಿಸಿದರು. ತಂದೆಯವರು ಮೈಸೂರಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದುದರಿಂದ ಅವರ ಬಾಳಿನ ಬಹುಭಾಗ ಮೈಸೂರಿನಲ್ಲೇ ಕಳೆಯಿತು. ಅಜ್ಜಿ ಆರಿಸಿಕೊಟ್ಟ ಶುಭದಿನದಂದು ಬೆಂಗಳೂರಿನಲ್ಲಿ ಬರೆಯಲು ಕುಳಿತಾಗ ಮೊದಲು ಮನಸ್ಸಿಗೆ ಬಂದುದು ಮಾಲ್ಗುಡಿಯ ರೈಲು ನಿಲ್ದಾಣವೆಂದು ಅವರು ಆತ್ಮಕಥೆಯಲ್ಲಿ ತಿಳಿಸಿದ್ದಾರೆ. ಮಲ್ಲೇಶ್ವರ ಮತ್ತು ಬಸವನಗುಡಿಗಳ ಹೆಸರುಗಳು ಸೇರಿ 'ಮಾಲ್ಗುಡಿ' ಆಯಿತೆಂಬ ಪ್ರತೀತಿಯೂ ಇದೆ. ಹಸ್ತಪ್ರತಿಯನ್ನು ಮೆಚ್ಚಿ ಅದರ ಪ್ರಕಟಣೆಗೆ ನೆರವಾದವರು ಇಂಗ್ಲಿಷ್ ಲೇಖಕ ಗ್ರಹಾಂ ಗ್ರೀನ್.

ಮೂರು ನೆಲೆಗಳು

ಸ್ವಾಮಿಯ ತಂದೆ ವಕೀಲರು. ಆದರೂ ಮನೆಯಲ್ಲಿ ಸ್ವಾಮಿಗೆ ಪ್ರತ್ಯೇಕ ಕೋಣೆಯಿಲ್ಲ. ಅಜ್ಜಿಯ ವಾಸ ಮುಂದಿನ ಪಡಸಾಲೆಗೂ ಊಟದ ಮನೆಗೂ ನಡುವಿನ ಕತ್ತಲ ಓಣಿಯಲ್ಲಿ.

ಸ್ವಾಮಿಯ ಗೆಳೆಯ ರಾಜಂ ಪೊಲೀಸ್ ಅಧಿಕಾರಿಯ ಮಗ. ಅವನ ಮನೆ ಇರುವುದು ಅಧಿಕಾರಿಗಳೂ ಸಿರಿವಂತರೂ ನೆಲೆಸಿರುವ ಲಾಲಿ ಎಕ್ಸ್‌ಟೆನ್ಷನ್‌ನಲ್ಲಿ. ಅಲ್ಲಿನ ಆಟಿಕೆಗಳನ್ನೂ ಪೊಲೀಸ್ ಕಾವಲನ್ನೂ ಕಂಡು ಸ್ವಾಮಿ ಬೆರಗಾಗುತ್ತಾನೆ. ರಾಜಂ ತನ್ನ ಮನೆಗೆ ಬರುವ ದಿನ ತಂದೆಯ ಕೋಣೆಯನ್ನು ಕೇಳಿ ಪಡೆಯುತ್ತಾನೆ. ತಾಯಿಯಿಂದ ವಿಶೇಷ ತಿಂಡಿ ಮಾಡಿಸುತ್ತಾನೆ.

ಮೂರನೆಯ ನೆಲೆ ಕೀಳಚೇರಿ, ಗುಡಿಸಲುಗಳ ಒಂದು ಪುಟ್ಟ ಕೇರಿ. ಬಂಡಿಯ ಚಕ್ರದ ಪಟ್ಟಿಯ ಆಸೆಯಿಂದ ಗಾಡಿ ಹೊಡೆಯುವವನಿಗೆ ಕಾಸು ಕೊಟ್ಟು ಮೋಸಹೋದ ಸ್ವಾಮಿ, ಅವನ ಮಗನನ್ನು ಹುಡುಕಿಕೊಂಡು ಇಲ್ಲಿಗೆ ಬರುತ್ತಾನೆ. ಲಾಲಿ ಎಕ್ಸ್‌ಟೆನ್ಷನ್‌ನಲ್ಲಿ ಸಂಕೋಚದಿಂದ ಕುಗ್ಗುವ ಬಾಲಕ, ಕೀಳಚೇರಿಯಲ್ಲಿ ತಾನೇ ಉಳ್ಳವರ ಮನೆಯ ಹುಡುಗನಾಗಿ ಕಾಣುತ್ತಾನೆ. ಅಂತಸ್ತು ಎಂಬುದು ನಿಂತ ಬೀದಿಯನ್ನು ಅವಲಂಬಿಸಿರುತ್ತದೆ ಎಂಬುದನ್ನು ಲೇಖಕರು ಉಪದೇಶವಿಲ್ಲದೆ ಹಾಸ್ಯದ ಮೂಲಕವೇ ತೋರಿಸಿದ್ದಾರೆ.

ಗೆಳೆತನದ ಪರೀಕ್ಷೆ

ಕಾದಂಬರಿಯಲ್ಲಿ ೧೯೩೦ರ ಆಗಸ್ಟ್ ತಿಂಗಳಲ್ಲಿ ಸರಯೂ ನದಿಯ ದಂಡೆಯ ಮೇಲೆ ಸ್ವಾತಂತ್ರ್ಯ ಚಳವಳಿಯ ಸಭೆ ನಡೆಯುತ್ತದೆ. ಸ್ವಾಮಿ ತನ್ನ ಟೋಪಿಯನ್ನು ಬೆಂಕಿಗೆ ಎಸೆಯುತ್ತಾನೆ. ಮರುದಿನದ ಮುಷ್ಕರದಲ್ಲಿ ಗುಂಪಿನ ಮೇಲೆ ಲಾಠಿ ಬೀಸಲು ಆಜ್ಞೆ ಕೊಟ್ಟ ಅಧಿಕಾರಿ ರಾಜಂನ ತಂದೆಯೇ ಎಂಬುದನ್ನು ಕಂಡು ಅವನು ದಿಗ್ಭ್ರಮೆಗೊಳ್ಳುತ್ತಾನೆ. ಅಲ್ಲಿಯವರೆಗೆ ಕೇವಲ ಬೆರಗಿನ ವಿಷಯವಾಗಿದ್ದ ಬಡಾವಣೆಗಳ ಅಂತರಕ್ಕೆ ಇಲ್ಲಿ ರಾಜಕೀಯ ಅರ್ಥವೂ ಬರುತ್ತದೆ. ಕೊನೆಗೆ ತಂದೆಯ ವರ್ಗಾವಣೆಯಿಂದ ರಾಜಂ ಊರು ಬಿಡುತ್ತಾನೆ. ರೈಲು ನಿಲ್ದಾಣದಲ್ಲಿ ಸ್ವಾಮಿ ಒಂದು ಪುಸ್ತಕವನ್ನು ಕಾಣಿಕೆಯಾಗಿ ಕೊಡುತ್ತಾನೆ. ಮುನಿದ ಗೆಳೆಯ ಅವನನ್ನು ಕ್ಷಮಿಸಿದನೇ ಎಂಬುದು ಸ್ಪಷ್ಟವಾಗುವುದಿಲ್ಲ.

ಕಿರುತೆರೆ ಮತ್ತು ಸ್ಮಾರಕಗಳು

ಶಂಕರ್‌ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ಧಾರಾವಾಹಿಯು ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ಚಿತ್ರೀಕರಣಗೊಂಡು ದೂರದರ್ಶನದಲ್ಲಿ ಪ್ರಸಾರವಾಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿಯೂ ಗಿರೀಶ್ ಕಾರ್ನಾಡ್ ತಂದೆಯಾಗಿಯೂ ಅಭಿನಯಿಸಿದರು. ಹೀಗಾಗಿ ನಕಾಶೆಯಲ್ಲಿಲ್ಲದ ಈ ಊರಿಗೆ ಮಲೆನಾಡಿನ ಹೆಂಚಿನ ಮನೆಗಳ ರೂಪ ದೊರೆಯಿತು. ಧಾರಾವಾಹಿಯ ದೃಶ್ಯಗಳು ಚಿತ್ರೀಕರಣಗೊಂಡ ಅರಸಾಳು ರೈಲು ನಿಲ್ದಾಣದಲ್ಲಿ ಈಗ ಮಾಲ್ಗುಡಿ ವಸ್ತುಸಂಗ್ರಹಾಲಯವಿದೆ. ಮೈಸೂರಿನ ಯಾದವಗಿರಿಯಲ್ಲಿ ನಾರಾಯಣ್ ಅವರು ವಾಸವಿದ್ದ ಮನೆಯನ್ನು ೨೦೧೬ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಲಾಯಿತು.