ನಿದ್ದೆ ಮಾಡದ ಚುಕ್ಕಾಣಿಗ



ಮುಂಬೈಯಲ್ಲಿರುವ ನೀವು ಗೇಟ್‌ವೇ ಆಫ್ ಇಂಡಿಯಾ ಎದುರಿನ ನೀರಿನಲ್ಲಿ ತೂಗಾಡುವ ಹಾಯಿದೋಣಿಗಳನ್ನು ನೋಡಿಯೇ ಇರುತ್ತೀರಿ. ಅಂಥದೊಂದು ದೋಣಿಯಲ್ಲಿ ನೀವೊಬ್ಬರೇ ದೂರದೇಶಕ್ಕೆ ಹೊರಟಿದ್ದೀರಿ ಎಂದುಕೊಳ್ಳಿ. ಮುಂದಿನ ದಡಕ್ಕೆ ನಲವತ್ತು ದಿನದ ದಾರಿ. ಬುತ್ತಿ ಕಟ್ಟಿಕೊಳ್ಳಬಹುದು, ನೀರು ತುಂಬಿಕೊಳ್ಳಬಹುದು. ಆದರೆ ನಿದ್ದೆ? ನೀವು ಕಣ್ಣು ಮುಚ್ಚಿದಾಗ ಚುಕ್ಕಾಣಿ ಹಿಡಿಯುವವರು ಯಾರು?

ಒಂಟಿಯಾಗಿ ಕಡಲಿಗಿಳಿದವರೆಲ್ಲ ಎದುರಿಸಿದ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕಿದ ಕಥೆಯೇ ಇಂದಿನ ಆಟೋಪೈಲಟ್‌ನ ಕಥೆ.

ಮೊದಲ ಉತ್ತರ ಕೊಟ್ಟವನು ಜೋಶುವಾ ಸ್ಲೋಕಮ್. 1895ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಹೊರಟು 1898ರಲ್ಲಿ ಮರಳಿದ ಈತ, ಒಬ್ಬನೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗ. ಅವನ 'ಸ್ಪ್ರೇ' ದೋಣಿಯಲ್ಲಿ ಯಂತ್ರವಿರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಹಾಯಿಗಳನ್ನು ಹದವಾಗಿ ಕಟ್ಟಿ, ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದು ಬಿಡುತ್ತಿದ್ದ. ಅಷ್ಟೇ! ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪದವರೆಗೆ 2,700 ಮೈಲಿ, 23 ದಿನ. ಅಷ್ಟೂ ದಿನಗಳಲ್ಲಿ ತಾನು ಚುಕ್ಕಾಣಿ ಹಿಡಿದದ್ದು ಒಟ್ಟು ಮೂರು ಗಂಟೆಗಿಂತ ಹೆಚ್ಚಿಲ್ಲ ಎಂದು ಅವನೇ ಬರೆದಿದ್ದಾನೆ.

ಆದರೆ ಎಲ್ಲ ದೋಣಿಗಳೂ 'ಸ್ಪ್ರೇ'ಯಷ್ಟು ಸಾಧುವಲ್ಲ. ದೊಡ್ಡ ಹಡಗುಗಳಿಗೆ ಯಂತ್ರವೇ ಬೇಕಾಯಿತು. 1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಎಂಬ ರಷ್ಯಾ ಮೂಲದ ಎಂಜಿನಿಯರ್ ಒಂದು ಪ್ರಬಂಧ ಪ್ರಕಟಿಸಿದರು. ಅನುಭವಸ್ಥ ಚುಕ್ಕಾಣಿಗ ಮಾಡುವುದಾದರೂ ಏನು? ದಿಕ್ಕು ಎಷ್ಟು ತಪ್ಪಿದೆ ಎಂದಷ್ಟೇ ಅವನು ನೋಡುವುದಿಲ್ಲ. ಎಷ್ಟು ವೇಗವಾಗಿ ತಪ್ಪುತ್ತಿದೆ ಎಂದೂ ನೋಡುತ್ತಾನೆ. ಬಹಳ ಹೊತ್ತಿನಿಂದ ಒಂದೇ ಕಡೆಗೆ ಎಳೆಯುತ್ತಿದೆಯೇ ಎಂಬುದನ್ನೂ ನೆನಪಿಟ್ಟಿರುತ್ತಾನೆ. ಮಿನೋರ್ಸ್ಕಿ ಈ ಮೂರನ್ನೂ ಗಣಿತಕ್ಕೆ ಇಳಿಸಿದರು. ಇಂದು ಕಾರ್ಖಾನೆಯ ಕುಲುಮೆಯ ಬಿಸಿಯನ್ನು ಹದದಲ್ಲಿಡುವ ಲೆಕ್ಕಾಚಾರವೂ ಇದೇ. ಅದರ ಮೂಲದಲ್ಲಿ ಒಬ್ಬ ಚುಕ್ಕಾಣಿಗನ ಕೈ ಇದೆ ಎಂಬುದು ಸೋಜಿಗವಲ್ಲವೇ?

ಆ ಕಾಲದ ಯಂತ್ರಗಳು ಸಣ್ಣ ದೋಣಿಗೆ ಭಾರವಾಗಿದ್ದವು. ಆಗ ನೆರವಿಗೆ ಬಂದದ್ದು ಗಾಳಿ. 1960ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಮೊದಲ ಒಂಟಿ ಹಾಯಿದೋಣಿ ಸ್ಪರ್ಧೆ ನಡೆಯಿತು. 40 ದಿನಗಳಲ್ಲಿ ಅಟ್ಲಾಂಟಿಕ್ ದಾಟಿ ಗೆದ್ದವರು ಫ್ರಾನ್ಸಿಸ್ ಚಿಚೆಸ್ಟರ್. ಎರಡನೆಯವರಾಗಿ ಬಂದ ಬ್ಲಾಂಡಿ ಹ್ಯಾಸ್ಲರ್ ಅವರ ಹೆಸರು ಇಂದಿಗೂ ಉಳಿದಿರುವುದು ಅವರು ರೂಪಿಸಿದ ವಿಂಡ್‌ವೇನ್‌ನಿಂದ. ದೋಣಿಯ ಹಿಂಭಾಗದಲ್ಲಿ ಗಾಳಿಗೆ ಅಂಚು ಕೊಟ್ಟು ನಿಂತ ಒಂದು ತೆಳು ಹಲಗೆ. ದೋಣಿ ದಾರಿ ತಪ್ಪಿದರೆ ಗಾಳಿ ಹಲಗೆಯ ಮೈಗೆ ಬಡಿದು ಅದನ್ನು ಬಾಗಿಸುತ್ತದೆ. ಆಗ ಕೆಳಗೆ ನೀರಿನಲ್ಲಿರುವ ಇನ್ನೊಂದು ಹಲಗೆ ತಿರುಗುತ್ತದೆ. ಹರಿವ ನೀರು ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಬಲವನ್ನು ಹಗ್ಗಗಳು ಚುಕ್ಕಾಣಿಗೆ ಮುಟ್ಟಿಸುತ್ತವೆ. ಬ್ಯಾಟರಿ ಬೇಡ, ತಂತಿ ಬೇಡ!

1970ರ ದಶಕದಲ್ಲಿ 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪುಟ್ಟ ಆಟೋಪೈಲಟ್‌ಗಳೂ ಬಂದವು. ದಿಕ್ಸೂಚಿ ದಿಕ್ಕು ಹೇಳುತ್ತದೆ, ಮೋಟಾರಿನ ತೋಳು ಚುಕ್ಕಾಣಿಯನ್ನು ದೂಡುತ್ತದೆ, ಎಳೆಯುತ್ತದೆ. ಇದನ್ನು ಕೂರಿಸುವುದರಲ್ಲೇ ಅರ್ಧ ವಿದ್ಯೆ ಇದೆ. ದಿಕ್ಸೂಚಿಯನ್ನು ಕಬ್ಬಿಣದಿಂದ, ಎಂಜಿನ್ನಿನಿಂದ ದೂರ ಇಡಬೇಕು. ಅಷ್ಟೇ ಅಲ್ಲ, ರೇಡಿಯೋದಿಂದಲೂ! ನಮ್ಮ ಕಾರ್ಯಕ್ರಮ ನಿಮಗೆ ಕೇಳಿಸುವ ಸ್ಪೀಕರಿನೊಳಗೆ ಅಯಸ್ಕಾಂತವಿದೆ. ಅದು ಪಕ್ಕದಲ್ಲಿದ್ದರೆ ದೋಣಿ ತಪ್ಪು ದಾರಿ ಹಿಡಿದೀತು. ತಂತಿ ದಪ್ಪಗಿರಬೇಕು, ಸಪೂರವಾಗಿದ್ದರೆ ಮೋಟಾರು ಜೋರಾಗಿ ಎಳೆದಾಗ ವೋಲ್ಟೇಜ್ ಕುಸಿದು ಯಂತ್ರ ಕಣ್ಣು ಮುಚ್ಚುತ್ತದೆ. ದೋಣಿ ಹಾವಿನಂತೆ ಹರಿದಾಡಿದರೆ ಯಂತ್ರದ ಆತುರವನ್ನು ತಗ್ಗಿಸಬೇಕು.

ಆದರೆ ರಿಪೇರಿಯ ಮೊದಲ ಹೆಜ್ಜೆ ಯಾವುದು ಗೊತ್ತೇ? ಆಟೋಪೈಲಟ್ ಕಳಚಿಟ್ಟು ಚುಕ್ಕಾಣಿಯನ್ನು ಕೈಯಲ್ಲಿ ಹಿಡಿದು ನೋಡುವುದು. ಕೈಗೇ ಭಾರವೆನಿಸಿದರೆ ದೋಷ ಹೆಚ್ಚಾಗಿ ಯಂತ್ರದ್ದಲ್ಲ, ಹಾಯಿ ಕಟ್ಟಿದ ರೀತಿಯದ್ದು. ಸ್ಲೋಕಮ್ ಕಲಿಸಿದ ಪಾಠ ಇಲ್ಲಿ ಮರಳಿ ಬರುತ್ತದೆ.

ಈ ಪಾಠ ಪ್ರಾಣ ಉಳಿಸಿದ್ದೂ ಉಂಟು. ಮುಂಬೈ ಬೊಂಬಾಯಿಯಾಗಿದ್ದ 1960ರ ದಶಕದಲ್ಲಿ, ಅಲ್ಲಿನ ಬಡಗಿಗಳು ತೇಗದ ಮರದಲ್ಲಿ 32 ಅಡಿಯ 'ಸುಹೈಲಿ' ಎಂಬ ದೋಣಿ ಕಟ್ಟಿದರು. ಅದನ್ನು ಕಟ್ಟಿಸಿದವರಲ್ಲಿ ಒಬ್ಬರು ವ್ಯಾಪಾರಿ ಹಡಗಿನ ಯುವ ಅಧಿಕಾರಿ ರಾಬಿನ್ ನಾಕ್ಸ್-ಜಾನ್‌ಸ್ಟನ್. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಅವರು ಎಲ್ಲೂ ನಿಲ್ಲದೆ ಭೂಮಿ ಸುತ್ತಲು ಹೊರಟರು. ಆಸ್ಟ್ರೇಲಿಯಾ ತಲುಪುವಷ್ಟರಲ್ಲಿ ಅವರ ವಿಂಡ್‌ವೇನ್ ರಿಪೇರಿಗೂ ಸಿಗದಂತೆ ಮುರಿಯಿತು. ಮುಂದೆ ಪೆಸಿಫಿಕ್, ಹಾರ್ನ್ ಭೂಶಿರ, ಅಟ್ಲಾಂಟಿಕ್! ಅವರು ಹಾಯಿಗಳ ಹದ ಹುಡುಕಿದರು, ಮಲಗಿದಾಗ ಸುಹೈಲಿ ತಾನೇ ದಾರಿ ಹಿಡಿಯುವಂತೆ ಮಾಡಿದರು. 1969ರ ಏಪ್ರಿಲ್ 22ರಂದು ಮರಳಿ ಫಾಲ್ಮತ್ ಸೇರಿದಾಗ, ಸ್ಪರ್ಧೆಗಿಳಿದ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರು ಅವರೊಬ್ಬರೇ.

ನಮ್ಮವರೂ ಹಿಂದೆ ಬಿದ್ದಿಲ್ಲ. ಗೋವೆಯಲ್ಲಿ ಕಟ್ಟಿದ ನೌಕಾಪಡೆಯ 'ಮ್ಹಾದೇಯಿ' ದೋಣಿಯಲ್ಲಿ ಮುಂಬೈಯಿಂದ ಹೊರಟು ದಿಲೀಪ್ ದೊಂಡೆ 2010ರಲ್ಲಿ, ಅಭಿಲಾಷ್ ಟೋಮಿ 2013ರಲ್ಲಿ ಒಂಟಿಯಾಗಿ ಭೂಮಿ ಸುತ್ತಿ ಬಂದರು. ಟೋಮಿಯವರದಂತೂ ಎಲ್ಲೂ ನಿಲ್ಲದ ಯಾನ. ದೋಣಿಯ ಹೆಸರು ಕೇಳಿದಂತಿದೆಯೇ? ನಮ್ಮ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಗೋವೆಗೆ ಹರಿಯುವ ಮಹದಾಯಿಯೇ ಅದು.

ಮುಂದೆ 2018ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಟೋಮಿಯವರ ದೋಣಿಯ ಕೂವೆಮರಗಳು ಮುರಿದವು, ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. 2022ರಲ್ಲಿ ಅದೇ ಸ್ಪರ್ಧೆಗೆ ಅವರು ಮತ್ತೆ ಇಳಿದರು. ಅಲ್ಲಿ ವಿದ್ಯುತ್ ಆಟೋಪೈಲಟ್‌ಗೆ ಅವಕಾಶವಿಲ್ಲ, ವಿಂಡ್‌ವೇನ್ ಮಾತ್ರ. ಅದರ ಭಾಗಗಳು ಮುರಿದಾಗ ದೋಣಿಯ ಶೌಚಾಲಯದ ಬಾಗಿಲನ್ನೇ ಬಳಸಿ ಸರಿಪಡಿಸಿಕೊಂಡರು! 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಸೇರಿದರು.

ಮಿತ್ರರೇ, ಯಂತ್ರ ನಿದ್ದೆಗೆಡದೆ ದುಡಿಯುತ್ತದೆ, ಒಂದು ದಿನ ಕೆಡುತ್ತದೆ. ಆ ದಿನ ದೋಣಿಯ ಹದ ಬಲ್ಲವರು ಮನೆಗೆ ಮರಳುತ್ತಾರೆ. ಮುಂದಿನ ಸಲ ಗೇಟ್‌ವೇ ಬಳಿ ನಿಂತಾಗ, ಆ ದೋಣಿಗಳ ಬೆನ್ನಿಗೆ ತೆಳು ಹಲಗೆಯೊಂದು ಕಂಡರೆ ಮಕ್ಕಳಿಗೆ ತೋರಿಸಿ, ಈ ಕಥೆ ಹೇಳಿ.