ದಂಡ ಯಾರಿಗೆ? ಪರಿಹಾರ ಯಾರಿಗೆ? (ಭಾಗ 4)

ದಂಡಿನಶಿವರದ ದಂಡು ಬೇರೆ, ಕೋರ್ಟ್ ಹಾಕೋ ದಂಡ ಬೇರೆ. ಇವತ್ತು ಎರಡನೇದರ ಕಥೆ ಫ್ರೆಂಡ್ಸ್.

ಹೀಗೆ ಅಂದ್ಕೊಳ್ಳಿ. ವರ್ಷಪೂರ್ತಿ ಅಟ್ಟದಲ್ಲಿ ಒಣಗಿಸಿದ ಉಂಡೆ ಕೊಬ್ಬರಿನ ನಿಮ್ಮ ತಾತ ಮಾರಿದ್ರು. ಕೊಂಡವನು 3 ಲಕ್ಷಕ್ಕೆ ಚೆಕ್ ಕೊಟ್ಟ. ಚೆಕ್ ಬೌನ್ಸ್ ಆಯ್ತು. ಈಗ ತಾತನ ಮುಂದೆ ಎರಡು ದಾರಿ: ಕ್ರಿಮಿನಲ್ ಕೇಸ್, ಸಿವಿಲ್ ದಾವೆ. ಎರಡನ್ನೂ ಹಾಕಬಹುದು. ಹಾಗಾದ್ರೆ ದುಡ್ಡು ಎರಡು ಸಲ ಬರುತ್ತಾ?

ಬರಲ್ಲ. ಈ ಉತ್ತರ ಹೊಸದೇನಲ್ಲ.

📌 1898: ಬ್ರಿಟಿಷ್ ಇಂಡಿಯಾದ ಕ್ರಿಮಿನಲ್ ಪ್ರೊಸೀಜರ್ ಕೋಡ್. ದಂಡ ಹೋಗೋದು ಸರ್ಕಾರದ ಖಜಾನೆಗೆ. ಆದ್ರೆ ಅದರಲ್ಲೇ ಒಂದು ಪಾಲನ್ನ ನೊಂದವರಿಗೆ ಕೊಡಿ ಅನ್ನೋಕೆ ಸೆಕ್ಷನ್ 545 ಅವಕಾಶ ಕೊಟ್ಟಿತ್ತು. ದಂಡ ಹಾಕದಿದ್ರೆ ಪರಿಹಾರವೂ ಇಲ್ಲ! ಪಕ್ಕದ 546, ಹೀಗೆ ಸಿಕ್ಕಿದ್ದನ್ನ ಮುಂದಿನ ಸಿವಿಲ್ ದಾವೆಯಲ್ಲಿ ಲೆಕ್ಕಕ್ಕೆ ತಗೋಬೇಕು ಅಂತಿತ್ತು.

📌 1973: ಹೊಸ ಕೋಡ್ ಬಂತು. ಸೆಕ್ಷನ್ 357(3)ರ ಪ್ರಕಾರ ದಂಡ ಹಾಕದೇ ಇದ್ರೂ ಪರಿಹಾರ ಕೊಡಿಸಬಹುದು. ಹಳೇ 546 ಈಗ 357(5) ಆಯ್ತು.

📌 1989ರ ಏಪ್ರಿಲ್ 1: ಚೆಕ್ ಬೌನ್ಸ್ ಅಪರಾಧ ಆಯ್ತು. ಒಂದೇ ಸಾಲಕ್ಕೆ ಎರಡು ಕೋರ್ಟ್ ಹತ್ತೋದು ಮಾಮೂಲಾಯ್ತು.

📌 2008: ನಮ್ಮ ಕರ್ನಾಟಕದ್ದೇ ಒಂದು ಚೆಕ್ ಕೇಸ್ ಸುಪ್ರೀಂ ಕೋರ್ಟ್ ಮುಟ್ಟಿತು. ಕ್ರಿಮಿನಲ್ ಕೇಸಲ್ಲಿ ಕಟ್ಟಿದ ಪರಿಹಾರನ ಸಿವಿಲ್ ಡಿಕ್ರಿಯಲ್ಲಿ ಕಳೆದಿರಲಿಲ್ಲ. ಲೆಕ್ಕಕ್ಕೆ ತಗೊಳ್ಳೋದು ಸಿವಿಲ್ ಕೋರ್ಟಿನ ಇಷ್ಟಕ್ಕೆ ಬಿಟ್ಟದ್ದಲ್ಲ, ಕರ್ತವ್ಯ ಅಂತ ಸುಪ್ರೀಂ ಕೋರ್ಟ್ ಹೇಳಿತು.

📌 2024ರ ಜುಲೈ 1: ಕೋಡ್ ಹೋಗಿ ಬಿಎನ್‌ಎಸ್‌ಎಸ್ ಬಂತು. ಅದೇ ಮಾತು ಈಗ ಸೆಕ್ಷನ್ 395(5)ರಲ್ಲಿದೆ.

ಈಗ ತಾತನ ಲೆಕ್ಕ ನೋಡಿ. ಕ್ರಿಮಿನಲ್ ಕೋರ್ಟ್ 1 ಲಕ್ಷ 20 ಸಾವಿರ ಪರಿಹಾರ ಅಂದಿದೆ, ಆದ್ರೆ ಕೈಗೆ ಬಂದಿದ್ದು 50 ಸಾವಿರ. ಸಿವಿಲ್ ಕೋರ್ಟ್ ಎಷ್ಟು ಕಳೀಬೇಕು? 50 ಸಾವಿರ ಮಾತ್ರ. ಕಾನೂನು ಹೇಳೋದು ಕೊಟ್ಟ ಅಥವಾ ವಸೂಲಾದ ಹಣ ಅಂತ. ಆದೇಶದ ಕಾಗದ ದುಡ್ಡಲ್ಲ. ಬಡ್ಡಿ ಬಿಟ್ಟು ಉಳಿದ ಎರಡೂವರೆ ಲಕ್ಷಕ್ಕೆ ಡಿಕ್ರಿ ಕೇಳಬಹುದು.

ನಮ್ಮ ಕಡೆ ಜನ ಎಡವೋದು ಇಲ್ಲೇ. "ಕ್ರಿಮಿನಲ್ ಕೇಸ್ ಮುಗೀಲಿ, ಆಮೇಲೆ ನೋಡೋಣ" ಅಂತ ಕೂರ್ತಾರೆ. ಇಂಥ ವಸೂಲಿ ದಾವೆಗೆ ಸಾಮಾನ್ಯವಾಗಿ ಇರೋ ಗಡುವು 3 ವರ್ಷ. ಕ್ರಿಮಿನಲ್ ಕೇಸ್ ನಡೀತಿದೆ ಅಂತ ಆ ಗಡಿಯಾರ ನಿಲ್ಲಲ್ಲ. ಕೇಸ್ ಗೆದ್ದು, ಪರಿಹಾರ ಕಡಿಮೆ ಬಂದು, ದಾವೆ ಹಾಕೋಣ ಅನ್ನೋಷ್ಟರಲ್ಲಿ ಗಡುವು ದಾಟಿದ್ರೆ, ಬಾಕಿಗೆ ಕೋರ್ಟಿನ ಬಾಗಿಲು ಮುಚ್ಚಿದ ಹಾಗೇ.

ಅದಕ್ಕೇ ಇವತ್ತೇ ಮನೇಲಿ ಕೇಳಿ: ಬೌನ್ಸ್ ಆದ ಚೆಕ್ ಏನಾದ್ರೂ ಬೀರುವಿನಲ್ಲಿ ಇದೆಯಾ? ಅದರ ಮೇಲಿನ ತಾರೀಖು ಏನು?

ಮುಂದಿನ ಭಾಗ: ತಪ್ಪಿತಸ್ಥ ಸಿಗದೇ ಇದ್ರೆ ಪರಿಹಾರ ಕೊಡೋರು ಯಾರು?

#ದಂಡಿನಶಿವರ #ತುರುವೇಕೆರೆ #ಕಾನೂನಿನಕಥೆ #ಕೊಬ್ಬರಿನಾಡು