ಉತಾರದಾಗ ಯಾರ ಹೆಸರು?

ಸಂಘದ ಸ್ಮರಣ ಸಂಚಿಕೆಗೆ ಬದಲಾಗುತ್ತಿರುವ ಕುಟುಂಬದ ಬಗ್ಗೆ ಏನಾದರೂ ಬರಿ ಅಂತ ಗೆಳೆಯರು ಹೇಳಿದಾಗ ನಾನು ಬಿ.ಎ. ಇತಿಹಾಸದ ಪುಸ್ತಕ ತೆರೆದು ಕೂತೆ. ಅದರಾಗ ನಮ್ಮ ಮನೆಯಂಥ ಮನೆ ಸಿಗಲಿಲ್ಲ. ಕೊನೆಗೆ ಅಪ್ಪನ ಟ್ರಂಕಿನಲ್ಲಿದ್ದ ಸಾತ್‌ಬಾರಾ ಉತಾರ ತೆಗೆದೆ. ಹೊಲದ ಕಾಗದವೆಲ್ಲ ಮರಾಠಿಯಲ್ಲಿ, ಮನೆಯ ಮಾತೆಲ್ಲ ಕನ್ನಡದಲ್ಲಿ. ದಕ್ಷಿಣ ಸೋಲಾಪುರ ತಾಲೂಕಿನಲ್ಲಿ ಹುಟ್ಟಿದವರಿಗೆ ಇದೇನು ಹೊಸದಲ್ಲ.

ನಮ್ಮ ಹೊಲ ಮೊದಲು ಮಹಾರ ವತನದ್ದು. ಊರಿನ ಚಾಕರಿ ಮಾಡಬೇಕು, ಅದಕ್ಕೆ ಬದಲಾಗಿ ತುಂಡು ಭೂಮಿ ಮತ್ತು ಬಲುತೆ. ಚಾಕರಿ ಗಂಡಸಿನ ಹೆಸರಿನದು, ಆದರೆ ದುಡಿತ ಇಡೀ ಮನೆಯದು. ಅಂಗಳ ಬಳಿಯುವುದು, ಕಟ್ಟಿಗೆ ಹೊರುವುದು, ಸೆಗಣಿ ಬಾಚುವುದು ಹೆಂಗಸರ ಪಾಲಿಗೆ. ಭೂಮಿಯಲ್ಲಿ ಮಾತ್ರ ಅವರ ಪಾಲು ಇರಲಿಲ್ಲ. 1886ರ ಮುಂಬಯಿ ಕಾಯದೆ ಸ್ಪಷ್ಟವಾಗಿಯೇ ಹೇಳಿತ್ತು: ವತನದ ಮನೆತನದಲ್ಲಿ ಕೊನೆಯ ಗಂಡು ಮಾಲಕನ ವಿಧವೆಯನ್ನು ಬಿಟ್ಟರೆ ಉಳಿದ ಹೆಣ್ಣುಮಕ್ಕಳ ಸರದಿ ಎಲ್ಲ ಗಂಡಸರ ನಂತರ. ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ವತನದ ವಿರುದ್ಧ ಮಸೂದೆ ತಂದರು, ಅದು ಪಾಸಾಗಲಿಲ್ಲ. 1958ರ ಕಾಯದೆ ಬಂದ ಮೇಲೆ ಚಾಕರಿ ತಪ್ಪಿತು. ಸರ್ಕಾರಕ್ಕೆ ಹಣ ತುಂಬಿದವರಿಗೆ ಭೂಮಿ ತಿರುಗಿ ಸಿಕ್ಕಿತು. ನಮ್ಮಲ್ಲಿ ಆ ಹಣಕ್ಕೆ ಹೋದದ್ದು ಆಯಿಯ ಬೆಳ್ಳಿ ಕಡಗ. ಹೆಸರು ಬಿದ್ದದ್ದು ಅಜ್ಜನದು.

ಇದೇ ಕಾಲದಲ್ಲಿ ಬಾಬಾಸಾಹೇಬರು ಮನೆಯ ಒಳಗಿನ ಮಾತನ್ನೂ ಎತ್ತಿದ್ದರು. 1942ರ ಜುಲೈನಲ್ಲಿ ನಾಗಪುರದ ಮಹಿಳಾ ಪರಿಷತ್ತಿನಲ್ಲಿ ಸಾವಿರಾರು ಹೆಣ್ಣುಮಕ್ಕಳ ಮುಂದೆ ನಿಂತು, ಹೆಂಡತಿ ಗಂಡನ ಗುಲಾಮಳಲ್ಲ, ಸರಿಸಮಾನ ಗೆಳತಿ, ಮದುವೆಗೆ ಅವಸರ ಬೇಡ, ಮಕ್ಕಳು ಬಹಳ ಬೇಡ ಎಂಬ ಅರ್ಥದಲ್ಲಿ ಮಾತಾಡಿದರು. ಹಿಂದೂ ಕೋಡ್ ಬಿಲ್ ನಿಂತುಹೋದಾಗ 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. ಜಯಂತಿಯ ದಿನ ಡಿಜೆ ಹಚ್ಚಿ ಕುಣಿಯುವ ನಾವು, ನಾನೂ ಸೇರಿ, ಈ ರಾಜೀನಾಮೆಯ ಕಾರಣವನ್ನು ಎಷ್ಟು ಜನ ಓದಿದ್ದೇವೋ.

ನಮ್ಮ ಮನೆ ನಿಜವಾಗಿ ಬದಲಾದದ್ದು 1972ರ ಬರದಲ್ಲಿ. ಹೊಲದಲ್ಲಿ ಜೋಳ ಇಲ್ಲ, ಬಾವಿಯಲ್ಲಿ ನೀರಿಲ್ಲ. ಸರ್ಕಾರ ಬರಗಾಲದ ಕಾಮಗಾರಿ ತೆಗೆಯಿತು. 1973ರ ಬೇಸಿಗೆ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನ ಆ ಕೆಲಸದ ಮೇಲಿದ್ದರು. ರಸ್ತೆ, ಪಾಝರ್ ತಲಾವ್, ಖಡಿ ಒಡೆಯುವುದು. ಅಲ್ಲಿ ಎಲ್ಲ ಜಾತಿಯ ಹೆಂಗಸರೂ ಒಂದೇ ಬಿಸಿಲಿಗೆ ಕೂತಿದ್ದರಂತೆ, ನೀರಿನ ಕೊಡ ಮಾತ್ರ ಬೇರೆ ಬೇರೆ. ಆಯಿಯ ಹೆಸರು ಮೊದಲ ಸಲ ಸರ್ಕಾರಿ ಕಾಗದದಲ್ಲಿ ಬಂದದ್ದು ಆ ಹಜೇರಿ ಪಟ್ಟಿಯಲ್ಲೇ. ವಾರದ ಕೂಲಿ ತಾನೇ ಹೆಬ್ಬಟ್ಟು ಒತ್ತಿ ತಗೋತಿದ್ದಳು. "ಅವತ್ತಿನಿಂದ ನಿಮ್ಮಜ್ಜ ನನ್ನ ಕೇಳಿ ಸಂತಿಗೆ ಹೋಗತಿದ್ದ" ಅಂತ ಈಗಲೂ ನಗತಾಳ. ಆ ಕಾಮಗಾರಿಯೇ ಮುಂದೆ ರೋಜಗಾರ ಹಮಿ ಯೋಜನೆಯಾಗಿ, 1977ರಲ್ಲಿ ಕಾಯದೆಯಾಯಿತು.

ಆದರೆ ಆಯಿ ಖಡಿ ಒಡೆಯುವಾಗ ಕೂಸನ್ನು ಎತ್ತಿಕೊಂಡವರು ಯಾರು? ಕೂಸು ಅಂದರೆ ನಮ್ಮಪ್ಪ. ಎತ್ತಿಕೊಂಡವಳು ದೊಡ್ಡತ್ತಿ, ಆಗ ಒಂಬತ್ತು ವರ್ಷ. ಬೇವಿನ ಗಿಡದ ಕೆಳಗೆ ಜೋಳಿಗೆ ತೂಗುತ್ತಾ ಅವಳ ಶಾಲೆ ಮುಗಿಯಿತು. ಬರ ಹೋದ ಮೇಲೆ ಅಪ್ಪ ಶಾಲೆಗೆ ಸೇರಿದ, ಹತ್ತನೇ ಇಯತ್ತೆ ಪಾಸಾದ. ಅವಳು ಮದುವೆಯಾಗಿ ಹೋದಳು. ಹೆಂಗಸರು ಹೊರಗೆ ದುಡಿದರೆ ಮನೆ ಸಮಾನ ಆಗುತ್ತದೆ ಎಂದು ನಮ್ಮ ಪುಸ್ತಕ ಹೇಳುತ್ತದೆ. ನಮ್ಮ ಮನೆಯಲ್ಲಿ ಆ ಭಾರ ಗಂಡಸಿನ ಹೆಗಲಿಗೆ ಬರಲಿಲ್ಲ, ಮಗಳ ಸೊಂಟಕ್ಕೆ ಹೋಯಿತು.

ಕಾನೂನು ಮುಂದೆ ಹೋಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಮಹಾರಾಷ್ಟ್ರದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಸಮಪಾಲು ಬಂತು. ಬೌದ್ಧರಾದ ನಮಗೂ ಇದೇ ಕಾಯದೆ ಅನ್ವಯ. ನಮಗಿಲ್ಲ ಅಂತ ಓಣಿಯಲ್ಲಿ ಕೆಲವರು ಹೇಳುವುದು ತಪ್ಪು.

ಅಜ್ಜ ತೀರಿದ ಮೇಲೆ ಅತ್ತಿಯ ಹೆಸರು ಉತಾರಕ್ಕೆ ಬಂತು. ಹೋದ ವರ್ಷ ಹಕ್ಕಸೋಡ ಪತ್ರ ಮಾಡಿಸಿದೆವು. ಕಾಗದ ಬರೆಸಿ ತಂದವನು ನಾನೇ. ಸ್ವಂತ ಇಚ್ಛೆಯಿಂದ ಬಿಡತೀರಾ ಅಂತ ಸಾಹೇಬರು ಮರಾಠಿಯಲ್ಲಿ ಕೇಳಿದರು, ನಾನು ಕನ್ನಡದಲ್ಲಿ ತಿಳಿಸಿದೆ. ಅತ್ತಿ ಅಂದಳು, "ಬ್ಯಾಡ ಅಂದ್ರ ತವರಮನಿ ಬಾಗಲಾ ತೆಗೀತೀರೇನು?" ನಾನು ಸಾಹೇಬರಿಗೆ "ಹೋ ಮ್ಹಣತಾತ" ಅಂದೆ.

ಹೊಸ ಉತಾರ ಬಂದಿದೆ. ನರ್ಸಿಂಗ್ ಓದುವ ತಂಗಿ ರಜೆಗೆ ಬಂದಾಗ ಅದನ್ನು ಓದಿ, "ನಾಳೆ ನನಗೂ ಸಹಿ ಹಾಕು ಅಂತೀರೇನಪ್ಪಾ?" ಎಂದಳು. ಅಪ್ಪ ಊಟ ಮಾಡುತ್ತಿದ್ದ. ಆಯಿ ರೊಟ್ಟಿ ಹಾಕುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.